ಅಡಿಕೆ ಮಂಡಿಗೆ ಯಾವ ನೆಟ್‌ವರ್ಕ್? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಶಿವಮೊಗ್ಗದ ಸುತ್ತಮುತ್ತ ಅಂಗಡಿ, ಮಂಡಿ, ಕ್ಲಿನಿಕ್‌ಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಫೋನ್ ಬಂದರೆ ಹೆಚ್ಚಾಗಿ ಒಂದೇ ಮಾತು: "ನೆಟ್ ತುಂಬಾ ಸ್ಲೋ, ದೊಡ್ಡ ಪ್ಲಾನ್ ಹಾಕಿಸೋಣ್ವಾ?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಸ್ಲೋ ಆಗಿರುವುದು ಹೊರಗಿನ ಲೈನೋ, ಒಳಗಿನ ಲೈನೋ? ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆಯಲು ನಿಮಿಷ ಹಿಡಿಯುತ್ತಿದೆ, ಪ್ರಿಂಟ್ ಕೊಟ್ಟರೆ ಬರುತ್ತಿಲ್ಲ ಅಂದರೆ ಅದಕ್ಕೂ ಇಂಟರ್ನೆಟ್ ಪ್ಲಾನ್‌ಗೂ ಸಂಬಂಧವೇ ಇಲ್ಲ. ಅದೆಲ್ಲ ನಿಮ್ಮ ನಾಲ್ಕು ಗೋಡೆಯೊಳಗೆ ನಡೆಯುವ ಓಡಾಟ. ತಿಂಗಳು ತಿಂಗಳು ಜಾಸ್ತಿ ದುಡ್ಡು ಕಟ್ಟಿಯೂ ಸಮಸ್ಯೆ ಹಾಗೆಯೇ ಉಳಿದ ಅಂಗಡಿಗಳನ್ನು ಎಷ್ಟೋ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೋಲಿಕೆಗೆ ಒಂದು ಅಡಿಕೆ ಮಂಡಿಯನ್ನು ಇಟ್ಟುಕೊಳ್ಳೋಣ. ಮುಂದೆ ಆಫೀಸು. ಅಲ್ಲಿ 8 ಕಂಪ್ಯೂಟರ್, 2 ಪ್ರಿಂಟರ್, 8 ಕ್ಯಾಮೆರಾ. ಹಿಂದೆ 140 ಮೀಟರ್ ದೂರದಲ್ಲಿ ಗೋದಾಮು. ಅಲ್ಲೊಂದು ಕಂಪ್ಯೂಟರ್, ತೂಕದ ಲೆಕ್ಕ. ನಿಮ್ಮದು ಬಟ್ಟೆ ಅಂಗಡಿಯೋ ಪ್ರಿಂಟಿಂಗ್ ಪ್ರೆಸ್ಸೋ ಆಗಿದ್ದರೂ ಲೆಕ್ಕಾಚಾರ ಸುಮಾರಾಗಿ ಇದೇ.

ಏನನ್ನೂ ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಒಂದು ಲ್ಯಾಪ್‌ಟಾಪನ್ನು ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಬಾಕ್ಸಿಗೆ ನೇರವಾಗಿ ಕೇಬಲ್‌ನಿಂದ ಸೇರಿಸಿ ಸ್ಪೀಡ್ ಟೆಸ್ಟ್ ಹಾಕಿ. ಪ್ಲಾನಿನಷ್ಟು ಬಂದರೆ ಹೊರಗಿನ ಲೈನ್ ಸರಿಯಿದೆ. ಆಮೇಲೆ 1 ಜಿಬಿಯ ಒಂದು ಫೈಲನ್ನು ಆಫೀಸಿನ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಾಪಿ ಮಾಡಿ. ಒಳಗಿನ ನೆಟ್‌ವರ್ಕ್ ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದು ಎರಡರಲ್ಲೂ ಎಸ್ಎಸ್‌ಡಿ (ವೇಗದ ಡಿಸ್ಕ್) ಇದ್ದರೆ 10 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಒಂದೂವರೆ ನಿಮಿಷ ಹಿಡಿದರೆ ಎಲ್ಲೋ 100 ಎಂಬಿಪಿಎಸ್‌ಗೆ ಕಟ್ಟುಬಿದ್ದಿದೆ. ಇದಕ್ಕೆ ಮೂರು ಕಾರಣ ಇರಬಹುದು. ಕೇಬಲುಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಅಂದರೆ ಸ್ವಿಚ್ ಹಳೆಯದು, ಇಲ್ಲವೇ ಕಂಪ್ಯೂಟರಿನ ಪೋರ್ಟ್ ಹಳೆಯದು, ಇಲ್ಲವೇ ಕೇಬಲಿನ ಒಂದು ಎಳೆ ತುಂಡಾಗಿದೆ. ಮೂರನೆಯದು ಮಜವಾದ ವಿಷಯ. ಕೇಬಲಿನೊಳಗೆ 4 ಜೋಡಿ ತಂತಿ ಇರುತ್ತವೆ. ಗಿಗಾಬಿಟ್‌ಗೆ ನಾಲ್ಕೂ ಬೇಕು, 100ಕ್ಕೆ ಎರಡೇ ಸಾಕು. ಹಾಗಾಗಿ ಇಲಿ ಒಂದು ಎಳೆ ಕಡಿದರೂ ನೆಟ್‌ವರ್ಕ್ ಪೂರ್ತಿ ನಿಲ್ಲದೆ, ಸದ್ದಿಲ್ಲದೆ ಹತ್ತರಲ್ಲೊಂದು ಭಾಗಕ್ಕೆ ಇಳಿದುಬಿಡಬಹುದು. ಮಂಡಿಗಳಲ್ಲಿ ಇಲಿ ಕಾಟ ಎಷ್ಟು ಅಂತ ನಿಮಗೆ ಗೊತ್ತೇ ಇದೆ.

ತಂತಿಯೋ, ವೈಫೈಯೋ

ಜಾಗದಿಂದ ಕದಲದ ಯಂತ್ರಗಳಿಗೆಲ್ಲ ತಂತಿ. ಕೈಯಲ್ಲಿ ಹಿಡಿದು ಓಡಾಡುವುದಕ್ಕೆ ವೈಫೈ. ನಾನು ಹಾಕುವ ಗೆರೆ ಇಷ್ಟೇ. ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾದ ರೆಕಾರ್ಡರ್, ಟ್ಯಾಲಿ ಡೇಟಾ ಇರುವ ಕಂಪ್ಯೂಟರ್, ಇವು ನಾಲ್ಕೂ ತಂತಿಯಲ್ಲೇ ಇರಬೇಕು.

ತಂತಿಯಲ್ಲಿ ಪ್ರತಿ ಕಂಪ್ಯೂಟರಿಗೂ ಅದರದ್ದೇ ದಾರಿ. ವೈಫೈನಲ್ಲಿ ಎಲ್ಲರಿಗೂ ಸೇರಿ ಒಂದೇ ಗಾಳಿ. ಅದೂ ನಿಮ್ಮೊಬ್ಬರದೇ ಅಲ್ಲ, ಪಕ್ಕದ ಅಂಗಡಿಯದ್ದೂ ಹೌದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಗಾಂಧಿ ಬಜಾರಿನಂಥ ಒತ್ತೊತ್ತಾದ ಬೀದಿಯಲ್ಲಿ ಫೋನ್ ತೆರೆದರೆ ಇಪ್ಪತ್ತು ವೈಫೈ ಹೆಸರು ಕಾಣುತ್ತವೆ. ಅವೆಲ್ಲವೂ ಆ ಮೂರರಲ್ಲೇ ಜಾಗ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗವೂ ವೇಗವೂ ಜಾಸ್ತಿ. ಆದರೆ ಅದು ಗೋಡೆ ದಾಟಲು ಕಷ್ಟಪಡುತ್ತದೆ. ನಮ್ಮ ಕಡೆಯ ಹಳೇ ಕಟ್ಟಡಗಳ ಒಂದೂವರೆ ಅಡಿ ಜಂಬಿಟ್ಟಿಗೆ ಗೋಡೆ ಎರಡು ಅಡ್ಡ ಬಂದರೆ ಸಿಗ್ನಲ್ ಉಳಿಯುವುದೇ ಇಲ್ಲ ಅನ್ನಬಹುದು.

ಇಂಥ ಕಡೆ ಅಂಗಡಿಯವರು ಮಾಡುವುದು ರಿಪೀಟರ್ ತಂದು ಪ್ಲಗ್ಗಿಗೆ ಸಿಕ್ಕಿಸುವುದು. ಅಗ್ಗ, ಐದು ನಿಮಿಷದ ಕೆಲಸ. ಆದರೆ ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿಸಿಕೊಂಡು ಅದರಲ್ಲೇ ಮತ್ತೆ ಹೇಳಬೇಕು. ವೇಗ ಅರ್ಧಕ್ಕೆ ಬೀಳುತ್ತದೆ. ಒಂದಕ್ಕೊಂದು ಮಾತಾಡಿಕೊಳ್ಳುವ ಎರಡು-ಮೂರು ವೈಫೈ ಯಂತ್ರಗಳ ಮೆಶ್ ಸೆಟ್ ಇದಕ್ಕಿಂತ ವಾಸಿ, ಮನೆಗೆ ಚೆನ್ನಾಗಿದೆ. ಆಫೀಸಿಗೆ ನನ್ನ ಆಯ್ಕೆ ಚಾವಣಿಗೆ ಕೂರಿಸುವ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಬಿತ್ತರಿಸುವ ಯಂತ್ರ. ಅದಕ್ಕೊಂದು ಕೇಬಲ್ ಎಳೆದರೆ ಕರೆಂಟೂ ಅದೇ ಕೇಬಲ್‌ನಲ್ಲಿ ಹೋಗುತ್ತದೆ. ಇದನ್ನು ಪಿಓಇ ಅನ್ನುತ್ತಾರೆ. ಟಿಪಿ-ಲಿಂಕ್, ಯುಬಿಕ್ವಿಟಿ, ಡಿ-ಲಿಂಕ್ ಎಲ್ಲರದ್ದೂ ಸಿಗುತ್ತವೆ. ಬ್ರ್ಯಾಂಡಿಗಿಂತ ಅದನ್ನು ಕೂರಿಸುವ ಜಾಗ ಮುಖ್ಯ. ಬೀರುವಿನ ಹಿಂದೆ ಇಟ್ಟ ದುಬಾರಿ ಯಂತ್ರಕ್ಕಿಂತ ಹಾಲ್ ನಡುವೆ ಮೇಲೆ ಕೂತ ಸಾದಾ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದನ್ನು ಮಾತ್ರ ದಯವಿಟ್ಟು ಮಾಡಿ. ಅಡಿಕೆ ತಂದ ರೈತರು, ಬಂದ ಗಿರಾಕಿಗಳು ವೈಫೈ ಕೇಳುತ್ತಾರೆ, ಕೊಡಬೇಕು ಕೂಡ. ಅವರಿಗೆ ಗೆಸ್ಟ್ ವೈಫೈ ಬೇರೆ ಮಾಡಿ. ಬಿಲ್ಲಿಂಗ್ ಕಂಪ್ಯೂಟರ್ ಇರುವ ನೆಟ್‌ವರ್ಕಿನ ಪಾಸ್‌ವರ್ಡ್ ಗೋಡೆಯ ಮೇಲೆ ಬರೆದಿಡುವುದು ಕ್ಯಾಶ್ ಡ್ರಾಯರ್ ತೆರೆದಿಟ್ಟ ಹಾಗೆ.

ಕೇಬಲ್: ಕ್ಯಾಟ್ 5ಇ, ಕ್ಯಾಟ್ 6

ಎರಡೂ 100 ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತವೆ. ಕ್ಯಾಟ್ 6 ಹೆಚ್ಚೆಂದರೆ 55 ಮೀಟರ್‌ವರೆಗೆ 10 ಗಿಗಾಬಿಟ್ ಕೂಡ ಒಯ್ಯಬಲ್ಲದು. ಹೊಸದಾಗಿ ಎಳೆಸುವುದಾದರೆ ಕ್ಯಾಟ್ 6 ಹಾಕಿಸಿ. ಗೋಡೆ ಕೊರೆಯುವ ಕೂಲಿ ಎರಡಕ್ಕೂ ಒಂದೇ ಅಲ್ವಾ? ಈಗಾಗಲೇ ಗೋಡೆಯೊಳಗೆ ಒಳ್ಳೆಯ 5ಇ ಇದ್ದರೆ ಅದನ್ನು ಕೀಳಬೇಡಿ.

ನಿಜವಾದ ವ್ಯತ್ಯಾಸ ಇರುವುದು ಬೇರೆ ಕಡೆ. ಪೂರ್ತಿ ತಾಮ್ರದ ಕೇಬಲ್ ಬೇರೆ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಕೇಬಲ್ ಬೇರೆ. ಎರಡನೆಯದನ್ನು ಸಿಸಿಎ ಅನ್ನುತ್ತಾರೆ. ಬಾಕ್ಸಿನ ಮೇಲೆ ಅದಕ್ಕೂ ಕ್ಯಾಟ್ 6 ಅಂತಲೇ ಬರೆದಿರುತ್ತದೆ. ಅದು ಬೇಗ ಮುರಿಯುತ್ತದೆ, ದೂರ ಹೋದಂತೆ ಸಿಗ್ನಲ್ ಕ್ಷೀಣಿಸುತ್ತದೆ. ಪಿಓಇ ಕರೆಂಟ್ ಹರಿಸಿದರೆ ತಾಮ್ರಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ. ಕ್ಯಾಮೆರಾಗಳಿಗೆ ಅದನ್ನು ಹಾಕಿಸಲೇಬಾರದು. ಪತ್ತೆ ಹಚ್ಚುವುದು ಸುಲಭ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. ಬಾಕ್ಸ್ ಎತ್ತಿ ನೋಡಿದರೂ ತಿಳಿಯುತ್ತದೆ. 305 ಮೀಟರಿನ ತಾಮ್ರದ ಬಾಕ್ಸ್ ಕೈಗೆ ಭಾರ. ಕೇಬಲ್ ತರಿಸುವಾಗ ನೀವೇ ಅಂಗಡಿಗೆ ಹೋಗಿ. ಕೆಲಸದವರ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಗೋಡೆಯೊಳಗೆ ಸೇರಿದ ಮೇಲೆ ಯಾರಿಗೂ ಕಾಣುವುದಿಲ್ಲ, ಅಷ್ಟೇ.

ಸ್ವಿಚ್

8 ಕಂಪ್ಯೂಟರಿಗೆ ಸಾದಾ 16 ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾಕು. ಕ್ಯಾಮೆರಾ, ಗೆಸ್ಟ್ ವೈಫೈ, ಲೆಕ್ಕದ ಕಂಪ್ಯೂಟರ್ ಮೂರನ್ನೂ ಒಂದೇ ಸ್ವಿಚ್ಚಿನಲ್ಲಿ ಬೇರೆ ಬೇರೆ ಇಡಬೇಕು ಅಂದರೆ ಮ್ಯಾನೇಜ್ಡ್, ಅಂದರೆ ಸೆಟ್ಟಿಂಗ್ ಬದಲಿಸಬಹುದಾದ ಸ್ವಿಚ್ ಬೇಕು. ಅದರ ಕೆಳದರ್ಜೆಯದ್ದನ್ನು ಸ್ಮಾರ್ಟ್ ಸ್ವಿಚ್ ಅಂತ ಮಾರುತ್ತಾರೆ, ಬೆಲೆ ಸ್ವಲ್ಪವೇ ಜಾಸ್ತಿ. ನಾನು ಈಗ ಅದನ್ನೇ ಹಾಕುತ್ತೇನೆ. ಕಾರಣ ಒಂದು ಘಟನೆ.

ಒಂದು ಅಂಗಡಿಯಲ್ಲಿ ಬೆಳಿಗ್ಗೆ ಕಸ ಗುಡಿಸುವಾಗ ಕೆಳಗೆ ಬಿದ್ದಿದ್ದ ಕೇಬಲಿನ ತುದಿ ಕಂಡಿದೆ. ಬಿಚ್ಚಿಕೊಂಡಿದೆ ಅಂತ ಒಳ್ಳೆಯ ಮನಸ್ಸಿನಿಂದ ಅದನ್ನು ಖಾಲಿ ಪೋರ್ಟಿಗೆ ಚುಚ್ಚಿದ್ದಾರೆ. ಅದರ ಇನ್ನೊಂದು ತುದಿ ಅದೇ ಸ್ವಿಚ್ಚಿನಲ್ಲಿತ್ತು. ಒಂದು ಸಂದೇಶ ಹೊರಟರೆ ಸುತ್ತಿ ಸುತ್ತಿ ಅಲ್ಲೇ ತಿರುಗುತ್ತಾ ಇಡೀ ನೆಟ್‌ವರ್ಕನ್ನು ತುಂಬಿಬಿಡುತ್ತದೆ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೆ ಹುಚ್ಚೆದ್ದು ಮಿನುಗುತ್ತಿದ್ದವು, ಒಂದು ಬಿಲ್ಲೂ ಹೊರಬರಲಿಲ್ಲ. ಕಾರಣ ಸಿಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಸ್ಮಾರ್ಟ್ ಸ್ವಿಚ್‌ಗಳಲ್ಲಿ ಸಾಮಾನ್ಯವಾಗಿ ಲೂಪ್ ತಡೆಯುವ ವ್ಯವಸ್ಥೆ ಇರುತ್ತದೆ. ಅದು ಆ ಪೋರ್ಟನ್ನು ತಾನೇ ಮುಚ್ಚುತ್ತದೆ.

ಗೋದಾಮಿನ 140 ಮೀಟರ್

ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ನಮ್ಮ ಕಡೆ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ.

ಮೂರು ದಾರಿಗಳಿವೆ. ಮೊದಲನೆಯದು ತಾಮ್ರದ ಕೇಬಲನ್ನೇ ಎಳೆದು, ಮಧ್ಯೆ ಕಂಬದ ಮೇಲೊಂದು ಡಬ್ಬಿಯಲ್ಲಿ ಸ್ವಿಚ್ ಇಡುವುದು. 100 ಮೀಟರಿನ ಮಿತಿ ದಾಟಲು ಜನ ಹೀಗೆ ಮಾಡುತ್ತಾರೆ, ಓಡುತ್ತದೆ ಕೂಡ. ಆದರೆ ಎರಡು ಕಟ್ಟಡಗಳ ನಡುವೆ ಬಯಲಿನಲ್ಲಿ ಹೋಗುವ ತಾಮ್ರ ಮಿಂಚಿಗೆ ಕೊಟ್ಟ ದಾರಿ. ಅಶ್ವಿನಿ, ಭರಣಿ ಮಳೆಯ ಗುಡುಗು ಮಿಂಚು ಹೇಗಿರುತ್ತದೆ ಅಂತ ಮಲೆನಾಡಿನವರಿಗೆ ಹೇಳಬೇಕಿಲ್ಲ. ಮಿಂಚು ನೇರವಾಗಿ ಹೊಡೆಯಬೇಕೆಂದೇ ಇಲ್ಲ. ಹತ್ತಿರದಲ್ಲಿ ಬಿದ್ದರೂ ಕೇಬಲಿನಲ್ಲಿ ವೋಲ್ಟೇಜ್ ಏರುತ್ತದೆ. ಎರಡೂ ಕಡೆಯ ಸ್ವಿಚ್, ಕೆಲವೊಮ್ಮೆ ಕಂಪ್ಯೂಟರಿನ ಬೋರ್ಡು ಕೂಡ ಹೋಗುತ್ತದೆ. ಎರಡು ಕಟ್ಟಡಗಳ ಅರ್ಥಿಂಗ್ ಬೇರೆ ಬೇರೆ ಇದ್ದರೆ ಮಳೆಗಾಲ ಇಲ್ಲದಾಗಲೂ ತೊಂದರೆ ತಪ್ಪಿದ್ದಲ್ಲ.

ಎರಡನೆಯದು ಎರಡು ಮಾಡಿನ ಮೇಲೆ ಎದುರುಬದುರು ಕೂರಿಸುವ ವೈರ್‌ಲೆಸ್ ಬ್ರಿಡ್ಜ್. ನೆಲ ಅಗೆಯಬೇಕಿಲ್ಲ, ಒಂದೇ ದಿನದ ಕೆಲಸ. ನಡುವೆ ರಸ್ತೆಯೋ ಬೇರೆಯವರ ಜಾಗವೋ ಇದ್ದರೆ ಇದೇ ಗತಿ. ಷರತ್ತು ಒಂದೇ: ಎರಡೂ ಒಂದಕ್ಕೊಂದು ಕಾಣಬೇಕು. ಬೇಸಿಗೆಯಲ್ಲಿ ಕೂರಿಸಿದಾಗ ಚೆನ್ನಾಗಿಯೇ ಇರುತ್ತದೆ. ಆಷಾಢದಲ್ಲಿ ನಡುವಿನ ತೆಂಗಿನ ಗರಿ ನೆನೆದು ಜೋತುಬಿದ್ದಾಗ ಲಿಂಕ್ ಕುಂಟುತ್ತದೆ. ಒದ್ದೆ ಎಲೆ 5 ಗಿಗಾಹರ್ಟ್ಸ್ ಸಿಗ್ನಲನ್ನು ಹೀರಿಕೊಳ್ಳುತ್ತದೆ. ಕೂರಿಸುವ ಮೊದಲು ಮರಗಳನ್ನು ನೋಡಿ. ಇವತ್ತಿನ ಎತ್ತರ ಸಾಲದು, ಮೂರು ವರ್ಷದ ಮೇಲೆ ಎಷ್ಟು ಬೆಳೆದಿರುತ್ತದೆ ಅಂತ ನೋಡಿ.

ಮೂರನೆಯದು ಫೈಬರ್. ನಿಮ್ಮದೇ ಜಾಗದಲ್ಲಿ ಎಳೆಯಬಹುದಾದರೆ ಕಣ್ಣುಮುಚ್ಚಿ ಇದನ್ನೇ ಆರಿಸಿ. ಗಾಜಿನ ಎಳೆಯಲ್ಲಿ ಹೋಗುವುದು ಬೆಳಕು. ಅದು ವಿದ್ಯುತ್ತನ್ನು ಒಯ್ಯುವುದಿಲ್ಲ. ಸಿಂಗಲ್ ಮೋಡ್ ಫೈಬರಿಗೆ 140 ಮೀಟರ್ ಯಾವ ಲೆಕ್ಕಕ್ಕೂ ಇಲ್ಲ, ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ. ಎರಡೂ ತುದಿಗೆ ಒಂದೊಂದು ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಬೆಳಕನ್ನು ತಾಮ್ರದ ಕೇಬಲಿನ ಸಿಗ್ನಲ್ ಆಗಿ ಬದಲಿಸುವ ಪೆಟ್ಟಿಗೆ) ಇಟ್ಟರೆ ಮುಗಿಯಿತು. ದುಬಾರಿ ಅನ್ನುವ ಹೆದರಿಕೆ ಹಳೆಯ ಕಾಲದ್ದು. ಕೇಬಲ್ ಟಿವಿ ಆಪರೇಟರ್‌ಗಳೇ ಈಗ ಫೈಬರ್ ಇಂಟರ್ನೆಟ್ ಕೊಡುತ್ತಿರುವುದರಿಂದ ಎಳೆ ಜೋಡಿಸುವ ಯಂತ್ರ ಮತ್ತು ಅದನ್ನು ಬಲ್ಲ ಹುಡುಗರು ತಾಲ್ಲೂಕು ಊರುಗಳಲ್ಲೂ ಸಿಗುತ್ತಾರೆ. ಎರಡು ಮಾತು ನೆನಪಿಡಿ. ತೂಗುಹಾಕುವ ಫೈಬರಿನಲ್ಲಿ ಬಲಕ್ಕೆ ಉಕ್ಕಿನ ತಂತಿ ಇರುವುದುಂಟು, ಆದಷ್ಟೂ ಲೋಹವಿಲ್ಲದ್ದನ್ನು ಕೇಳಿ ತನ್ನಿ. ಎರಡು ಎಳೆ ಬೇಕಾದರೆ ನಾಲ್ಕು ಎಳೆಯದ್ದು ಹಾಕಿಸಿ. ಒಂದು ಕೆಟ್ಟಾಗ ಮತ್ತೆ ಅಗೆಯುವುದು ತಪ್ಪುತ್ತದೆ.

ಹೊರಗಿನ ಲೈನ್

ಇಷ್ಟಾದ ಮೇಲೆ ಇಂಟರ್ನೆಟ್. ಬಿಲ್ಲಿಂಗ್, ಬ್ಯಾಂಕು, ವಾಟ್ಸ್ಆ್ಯಪ್, ಆಗಾಗ ವಿಡಿಯೋ ಕರೆ ಇರುವ 8 ಜನರ ಆಫೀಸಿಗೆ 100 ಎಂಬಿಪಿಎಸ್ ಧಾರಾಳ. ಒಳ್ಳೆಯ ಗುಣಮಟ್ಟದ ವಿಡಿಯೋ ಕರೆಗೆ ಬೇಕಾಗುವುದೇ 3–4 ಎಂಬಿಪಿಎಸ್. ಕ್ಯಾಮೆರಾಗಳ ಓಡಾಟ ಒಳಗೇ ಇರುತ್ತದೆ. ಮನೆಯಿಂದ ನೋಡಿದಾಗ ಮಾತ್ರ ಹೊರಗೆ ಬರುತ್ತದೆ.

ಸಾಮಾನ್ಯ ಫೈಬರ್ ಬ್ರಾಡ್‌ಬ್ಯಾಂಡ್ ಹಂಚಿಕೆಯ ಲೈನ್. ಒಂದು ಫೈಬರನ್ನು 32 ಅಥವಾ 64 ಮನೆ-ಅಂಗಡಿಗಳಿಗೆ ಸೀಳಿರುತ್ತಾರೆ. ಅದರಿಂದಲೇ ಅದು ಅಗ್ಗ. ಲೀಸ್ಡ್ ಲೈನ್‌ನಲ್ಲಿ ಹೇಳಿದ ವೇಗ ನಿಮಗಷ್ಟೇ ಮೀಸಲು. ಹೋಗುವುದಕ್ಕೂ ಬರುವುದಕ್ಕೂ ಒಂದೇ ವೇಗ. ಕೆಟ್ಟರೆ ಇಷ್ಟು ಗಂಟೆಯೊಳಗೆ ಸರಿಪಡಿಸುತ್ತೇವೆ ಅನ್ನುವ ಲಿಖಿತ ಮಾತೂ ಇರುತ್ತದೆ. ಬೆಲೆ ಎಷ್ಟೋ ಪಟ್ಟು ಜಾಸ್ತಿ. ಆಸ್ಪತ್ರೆ, ಕಾಲ್ ಸೆಂಟರ್, ತಮ್ಮಲ್ಲೇ ಸರ್ವರ್ ಇಟ್ಟು ಹೊರಗಿನವರಿಗೆ ಸೇವೆ ಕೊಡುವವರಿಗೆ ಅದು ಸರಿ. ಮಂಡಿಗೆ ಬೇಡ.

ಮಂಡಿಗೆ ಬೇಕಿರುವುದು ಎರಡನೇ ಲೈನ್. ವರ್ಷಕ್ಕೆ 5 ಕೋಟಿ ದಾಟಿದ ವ್ಯಾಪಾರಕ್ಕೆ 2023ರ ಆಗಸ್ಟ್ 1ರಿಂದ ಜಿಎಸ್‌ಟಿ ಇ-ಇನ್‌ವಾಯ್ಸ್ ಕಡ್ಡಾಯ. ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಅಂತೂ ನಮ್ಮ ರಾಜ್ಯದಲ್ಲಿ 2017ರ ಸೆಪ್ಟೆಂಬರಿನಲ್ಲೇ ಶುರುವಾಯಿತು, ದೇಶಕ್ಕೆಲ್ಲ ಬರುವ ಮೊದಲೇ. ನೆಟ್ ನಿಂತರೆ ಲೋಡ್ ಆದ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಹಾಗಾಗಿ ಒಂದು 300 ಎಂಬಿಪಿಎಸ್ ಲೈನಿಗಿಂತ ಎರಡು ಬೇರೆ ಬೇರೆ 50–100ರ ಲೈನ್ ಒಳ್ಳೆಯದು. ಬೇರೆ ಬೇರೆ ಅಂದರೆ ಕಂಪನಿ ಬೇರೆ ಆದರಷ್ಟೇ ಸಾಲದು. ಎರಡೂ ಫೈಬರ್ ಒಂದೇ ಕಂಬದ ಮೇಲೆ ಬಂದರೆ ರಸ್ತೆ ಅಗಲ ಮಾಡಲು ಬಂದ ಜೆಸಿಬಿ ಎರಡನ್ನೂ ಒಟ್ಟಿಗೆ ಕೀಳುತ್ತದೆ. ಒಂದು ಫೈಬರ್, ಇನ್ನೊಂದು ಗಾಳಿಯಲ್ಲಿ ಬರುವ 4ಜಿ ಅಥವಾ 5ಜಿ ಇರಲಿ. ಜಿಯೋ, ಏರ್‌ಟೆಲ್ ಎರಡೂ 2023ರಲ್ಲಿ ಏರ್‌ಫೈಬರ್ ಶುರು ಮಾಡಿವೆ, ಸಿಗ್ನಲ್ ಚೆನ್ನಾಗಿರುವ ಕಡೆ ಎರಡನೇ ಲೈನಿಗೆ ಅದು ಸರಿಯಾಗುತ್ತದೆ. ಎರಡು ಇಂಟರ್ನೆಟ್ ಪೋರ್ಟ್ ಇರುವ ರೂಟರ್ ಹಾಕಿದರೆ ಒಂದು ಸತ್ತಾಗ ತಾನೇ ಇನ್ನೊಂದಕ್ಕೆ ಹೊರಳುತ್ತದೆ. ಬ್ರಾಡ್‌ಬ್ಯಾಂಡಿನ ಜೊತೆ ಪುಕ್ಕಟೆ ಬರುವ ರೂಟರುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ನಿಮ್ಮದೇ ರೂಟರ್ ತರುವುದಕ್ಕೆ ನನ್ನ ಮಟ್ಟಿಗೆ ಮೊದಲ ಕಾರಣ ಇದು. ತಂದಾಗ ಹಳೆಯ ಬಾಕ್ಸಿನ ರೂಟರ್ ಕೆಲಸ ನಿಲ್ಲಿಸಿ, ಅದನ್ನು ಬ್ರಿಡ್ಜ್, ಅಂದರೆ ಬರೀ ಲೈನ್ ದಾಟಿಸುವ ಪೆಟ್ಟಿಗೆ ಮಾಡಿಸಿ. ಒಂದೇ ನೆಟ್‌ವರ್ಕಿನಲ್ಲಿ ಎರಡು ಕಡೆಯಿಂದ ಕಂಪ್ಯೂಟರುಗಳಿಗೆ ವಿಳಾಸ (ಐಪಿ) ಹಂಚುತ್ತಿದ್ದರೆ ಅರ್ಧ ಕಂಪ್ಯೂಟರಿಗೆ ಪ್ರಿಂಟರ್ ಕಾಣುತ್ತದೆ, ಇನ್ನರ್ಧಕ್ಕೆ ಕಾಣುವುದಿಲ್ಲ.

ಲೆಕ್ಕ ಎಲ್ಲಿರಬೇಕು

ನಮ್ಮ ಕಡೆ ಲೆಕ್ಕ ಅಂದರೆ ಬಹಳ ಕಡೆ ಟ್ಯಾಲಿ. ಬೆಂಗಳೂರಿನಲ್ಲಿ ಹುಟ್ಟಿದ ತಂತ್ರಾಂಶ ಅದು. ಅದರ ಸಿಲ್ವರ್ ಲೈಸೆನ್ಸ್ ಒಂದು ಕಂಪ್ಯೂಟರಿಗೆ, ಗೋಲ್ಡ್ ಒಂದೇ ಆಫೀಸಿನ ನೆಟ್‌ವರ್ಕಿನಲ್ಲಿ ಎಷ್ಟು ಜನ ಬೇಕಾದರೂ. ಗೋಲ್ಡ್ ತಂದು ಡೇಟಾವನ್ನು ಯಜಮಾನರ ಲ್ಯಾಪ್‌ಟಾಪಿನಲ್ಲಿಟ್ಟು, ಅದನ್ನು ವೈಫೈನಲ್ಲಿ ಹಂಚಿದ್ದನ್ನು ನೋಡಿದ್ದೇನೆ. ನಮೂದು ಬರೆಯುವ ಹೊತ್ತಿಗೆ ಲಿಂಕ್ ತಪ್ಪಿದರೆ ಡೇಟಾ ಕೆಡಬಹುದು. ಅವರು ಊಟಕ್ಕೆ ಎದ್ದು ಲ್ಯಾಪ್‌ಟಾಪ್ ಮುಚ್ಚಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ.

8–10 ಜನರಿಗೆ ಒಂದು ಸಾಧಾರಣ ಕಂಪ್ಯೂಟರನ್ನು ಡೇಟಾಕ್ಕೇ ಮೀಸಲಿಟ್ಟು, ತಂತಿಯಲ್ಲಿ ಕೂರಿಸಿ, ಅದರ ಮುಂದೆ ಯಾರನ್ನೂ ಕೂರಿಸದಿದ್ದರೆ ಸಾಕು. ವಿಂಡೋಸ್ ಪ್ರೊ ಒಮ್ಮೆಗೆ 20 ಸಾಧನಗಳವರೆಗೆ ಹಂಚಿಕೆಗೆ ಬಿಡುತ್ತದೆ. ಡ್ರಾಯಿಂಗು, ಫೋಟೋ, ಸ್ಕ್ಯಾನ್ ಮಾಡಿದ ಕಾಗದ ತುಂಬಾ ಇರುವವರಿಗೆ ಸಿನಾಲಜಿ, ಕ್ಯೂನ್ಯಾಪ್ ಥರದ ನ್ಯಾಸ್, ಅಂದರೆ ನೆಟ್‌ವರ್ಕಿಗೆ ಸೇರಿಸುವ ಡಿಸ್ಕ್ ಪೆಟ್ಟಿಗೆ ಒಳ್ಳೆಯದು. ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ತಲುಪುವ ಬೇರೆಯವರ ಸರ್ವರ್ ಯಾವಾಗ? ಎರಡು ಊರಿನಲ್ಲಿ ಶಾಖೆ ಇದ್ದಾಗ, ಅಥವಾ ಲೆಕ್ಕಿಗರು ಬೇರೆ ಊರಿನಿಂದ ದಿನಾ ಕೆಲಸ ಮಾಡುವಾಗ.

ನ್ಯಾಸ್‌ನಲ್ಲಿ ಎರಡು ಡಿಸ್ಕ್ ಇದೆ, ಬ್ಯಾಕಪ್ ಆಯಿತು ಅಂದುಕೊಳ್ಳಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಯುತ್ತದೆ. ಸಂಜೆ ಒಂದು ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ಬಿಚ್ಚಿ ಮನೆಗೆ ತೆಗೆದುಕೊಂಡು ಹೋಗಿ. ಬಿಚ್ಚುವುದು ಮುಖ್ಯ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ವೈರಸ್ ಹರಡಿದ್ದು ಇದೇ ಥರದ ಫೈಲ್ ಹಂಚಿಕೆಯ ದಾರಿಯಲ್ಲಿ. ಕಂಪ್ಯೂಟರಿಗೆ ಸಿಕ್ಕಿಸಿಕೊಂಡೇ ಇರುವ ಡಿಸ್ಕನ್ನೂ ಇಂಥ ವೈರಸ್‌ಗಳು ಬಿಡುವುದಿಲ್ಲ.

ಮನೆಯಿಂದ ಆಫೀಸಿನ ಲೆಕ್ಕ ನೋಡಬೇಕು ಅನ್ನುವವರಿಗೆ ಒಂದು ಕೈಮುಗಿದ ಮಾತು. ರೂಟರಿನಲ್ಲಿ 3389 ಅನ್ನುವ ಸಂಖ್ಯೆಯ ಬಾಗಿಲು (ಇದನ್ನೂ ಪೋರ್ಟ್ ಅನ್ನುತ್ತಾರೆ) ತೆರೆದು ರಿಮೋಟ್ ಡೆಸ್ಕ್‌ಟಾಪ್ ಕೊಡುವುದು ಅತಿ ಸುಲಭ, ಅಷ್ಟೇ ಅಪಾಯ. ಪ್ರಪಂಚದ ಮೂಲೆಮೂಲೆಯಿಂದ ಯಂತ್ರಗಳು ಹಗಲೂ ರಾತ್ರಿ ಆ ಪೋರ್ಟನ್ನು ಹುಡುಕುತ್ತಿರುತ್ತವೆ. ಹಾಗೆ ತೆರೆದಿಟ್ಟ ಒಂದು ಅಂಗಡಿಯ ಮೂರು ವರ್ಷದ ಲೆಕ್ಕಕ್ಕೆ ಬೀಗ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರ ಮುಖ ಇವತ್ತಿಗೂ ನೆನಪಿದೆ. ಇದರ ಬದಲು ರೂಟರಿನಲ್ಲೇ ವಿಪಿಎನ್ (ನಿಮಗಷ್ಟೇ ತೆರೆಯುವ ಗುಪ್ತ ದಾರಿ) ಹಾಕಿಸಿ. ಅದಕ್ಕೆ ಹೊರಗಿನಿಂದ ತಲುಪುವಂಥ ವಿಳಾಸ ಬೇಕು. ಮೊಬೈಲ್ ಲೈನುಗಳಲ್ಲೂ ಕೆಲವು ಬ್ರಾಡ್‌ಬ್ಯಾಂಡಿನಲ್ಲೂ ಒಂದೇ ವಿಳಾಸವನ್ನು ಹಲವರಿಗೆ ಹಂಚಿರುತ್ತಾರೆ. ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನಿಮ್ಮದೂ ಹಾಗೆಯೇ. ಆಗ ಕಂಪನಿಯಲ್ಲಿ ಸ್ಟ್ಯಾಟಿಕ್ ಐಪಿ (ನಿಮಗೇ ಮೀಸಲಾದ, ಬದಲಾಗದ ವಿಳಾಸ) ಕೇಳಬೇಕು, ಅದಕ್ಕೆ ಬೇರೆ ಶುಲ್ಕ ಇರುತ್ತದೆ.

ಕರೆಂಟು, ಒಂದು ಕಾಗದ

ಕಂಪ್ಯೂಟರುಗಳಿಗೆಲ್ಲ ಯುಪಿಎಸ್ ಇಟ್ಟು ಫೈಬರ್ ಬಾಕ್ಸನ್ನು ಮರೆಯುವುದು ಸಾಮಾನ್ಯ. ಕರೆಂಟ್ ಹೋದಾಗ ಕಂಪ್ಯೂಟರ್ ಓಡುತ್ತಿರುತ್ತದೆ, ನೆಟ್ ಇರುವುದಿಲ್ಲ. ಫೈಬರ್ ಬಾಕ್ಸ್, ರೂಟರ್, ಸ್ವಿಚ್ ಮೂರನ್ನೂ ಒಂದೇ ಯುಪಿಎಸ್‌ಗೆ ಸೇರಿಸಿ. ಮೂರೂ ಸೇರಿ ಎಳೆಯುವ ಕರೆಂಟ್ ಕಡಿಮೆ, ಸಣ್ಣ ಯುಪಿಎಸ್ ಕೂಡ ಬಹಳ ಹೊತ್ತು ನಡೆಸುತ್ತದೆ. ಗೋದಾಮಿನ ಮೀಡಿಯಾ ಕನ್ವರ್ಟರಿಗೂ ಅಲ್ಲೊಂದು ಚಿಕ್ಕದು ಇರಲಿ. ಮಳೆಗಾಲಕ್ಕೆ ಮೊದಲು ಅರ್ಥಿಂಗ್ ಒಮ್ಮೆ ಅಳೆಸಿ.

ಕೆಲಸ ಮುಗಿಸಿದವರಿಂದ ಹಣ ಕೊಡುವ ಮೊದಲು ಒಂದು ಕಾಗದ ಬರೆಸಿಕೊಳ್ಳಿ. ಯಾವ ಕೇಬಲ್ ಯಾವ ಪೋರ್ಟಿಗೆ, ರೂಟರಿನ ವಿಳಾಸ, ಪ್ರಿಂಟರಿನ ವಿಳಾಸ, ಎರಡೂ ಇಂಟರ್ನೆಟ್ ಲೈನಿನ ಗ್ರಾಹಕ ಸಂಖ್ಯೆ, ದೂರು ಕೊಡುವ ನಂಬರು. ಕೇಬಲಿನ ಎರಡೂ ತುದಿಗೆ ಒಂದೇ ಸಂಖ್ಯೆಯ ಚೀಟಿ ಅಂಟಿಸಲಿ. ಕಾಗದವನ್ನು ಸ್ವಿಚ್ ಪೆಟ್ಟಿಗೆಯ ಬಾಗಿಲಿನ ಒಳಗೆ ಅಂಟಿಸಿ, ಒಂದು ಫೋಟೋ ಫೋನಿನಲ್ಲಿಟ್ಟುಕೊಳ್ಳಿ. ಪಾಸ್‌ವರ್ಡುಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ, ಅವನ್ನು ಬೇರೆ ಪುಸ್ತಕದಲ್ಲಿ ಬರೆದು ತಿಜೋರಿಯಲ್ಲಿಡಿ.